ಡೆಬಿಯನ್ 13: ಬಂದದ್ದಕ್ಕಿಂತ ಮೊದಲು ಹೋದದ್ದನ್ನು ನೋಡಿ

ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್‌ನ 13ನೇ ಆವೃತ್ತಿ ಬಿಡುಗಡೆಯಾದದ್ದು 2025ರ ಆಗಸ್ಟ್ 9ರಂದು. ‘ಟಾಯ್ ಸ್ಟೋರಿ’ ಸಿನಿಮಾಗಳ ಪಾತ್ರಗಳ ಹೆಸರಿಡುವ ರೂಢಿಯಂತೆ ಇದಕ್ಕೆ ಸಿಕ್ಕ ಹೆಸರು ‘ಟ್ರಿಕ್ಸಿ’, ಹಿಂದಿನದು ‘ಬುಕ್‌ವರ್ಮ್’. ಸುಮಾರು 70 ಸಾವಿರ ಪ್ಯಾಕೇಜ್‌ಗಳಿರುವ ಈ ಆವೃತ್ತಿಗೆ 14,100ಕ್ಕೂ ಹೆಚ್ಚು ಪ್ಯಾಕೇಜ್‌ಗಳು ಹೊಸದಾಗಿ ಸೇರಿವೆ. ಈಗಾಗಲೇ ಡೆಬಿಯನ್ 12 ಬಳಸುತ್ತಿರುವವರು ಗಮನಿಸಬೇಕಾದ ಅಂಕಿ ಮಾತ್ರ ಇನ್ನೊಂದು: 8,840ಕ್ಕೂ ಹೆಚ್ಚು ಪ್ಯಾಕೇಜ್‌ಗಳನ್ನು ಕೈಬಿಡಲಾಗಿದೆ. ಹೊಸದಾಗಿ ಬಂದದ್ದನ್ನು ಅಪ್‌ಗ್ರೇಡ್ ಮುಗಿದ ಮೇಲೆ ನಿಧಾನವಾಗಿ ನೋಡಿಕೊಳ್ಳಬಹುದು. ಹೋದದ್ದು ಯಾವುದು, ಹಳೆಯ ಹೆಸರಿನಲ್ಲೇ ಇದ್ದು ನಡತೆ ಬದಲಿಸಿದ್ದು ಯಾವುದು ಎಂಬುದನ್ನು ಮೊದಲೇ ತಿಳಿದಿರಬೇಕು. ಏಕೆಂದರೆ ಡೆಬಿಯನ್‌ನಲ್ಲಿ ಮೇಲಿನ ಆವೃತ್ತಿಯಿಂದ ಕೆಳಗಿನದಕ್ಕೆ ಇಳಿದು ಬರುವ ದಾರಿಯಿಲ್ಲ. ಕೆಟ್ಟರೆ ಬ್ಯಾಕಪ್ಪೇ ಗತಿ.

ಅವಸರ ಯಾರಿಗೂ ಬೇಡ. ಡೆಬಿಯನ್‌ನ ಪ್ರತಿ ಆವೃತ್ತಿಗೆ ಮೂರು ವರ್ಷ ಪೂರ್ಣ ಬೆಂಬಲ, ಅದಾದ ಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ ಇರುತ್ತದೆ. ಬುಕ್‌ವರ್ಮ್‌ನ ಪೂರ್ಣ ಬೆಂಬಲ 2026ರ ಜೂನ್‌ಗೆ ಮುಗಿದರೂ ಮುಖ್ಯ ಭದ್ರತಾ ತಿದ್ದುಪಡಿಗಳು 2028ರ ಜೂನ್‌ವರೆಗೆ ಬರುತ್ತಲೇ ಇರುತ್ತವೆ. ಮನೆಯ ಲ್ಯಾಪ್‌ಟಾಪ್‌ ಆದರೆ ಒಂದು ಬಿಡುವಿನ ದಿನ ನೋಡಿ ಏರಿಸಿಬಿಡಿ ಎನ್ನುತ್ತೇನೆ. ನಾಲ್ಕು ಜನ ನಂಬಿಕೊಂಡಿರುವ ಸರ್ವರ್ ಆದರೆ, ಅದರ ನಕಲೊಂದನ್ನು ವರ್ಚುವಲ್ ಮಷಿನ್‌ನಲ್ಲಿ ಏರಿಸಿ ನೋಡುವ ತನಕ ಮೂಲವನ್ನು ಮುಟ್ಟಬೇಡಿ.

ಎಲ್ಲಕ್ಕಿಂತ ಮೊದಲು ನಿಮ್ಮ ಯಂತ್ರ 32 ಬಿಟ್ಟಿನದೋ 64 ಬಿಟ್ಟಿನದೋ ನೋಡಿಕೊಳ್ಳಿ. ಟರ್ಮಿನಲ್‌ನಲ್ಲಿ ‘ಡಿಪಿಕೆಜಿ’ ಆಜ್ಞೆಗೆ ‘ಪ್ರಿಂಟ್-ಆರ್ಕಿಟೆಕ್ಚರ್’ ಆಯ್ಕೆ ಕೊಟ್ಟು ಕೇಳಿದರೆ ಒಂದೇ ಪದದ ಉತ್ತರ ಬರುತ್ತದೆ. ‘ಎಎಮ್‌ಡಿ64’ ಎಂದು ಬಂದರೆ ನಿಶ್ಚಿಂತೆ. ಇಂಟೆಲ್ ಪ್ರೊಸೆಸರ್ ಇದ್ದರೂ ಹೆಸರು ಅದೇ. ‘ಐ386’ ಎಂದು ಬಂದರೆ ಅಲ್ಲೇ ನಿಲ್ಲಿ. ಟ್ರಿಕ್ಸಿಯಲ್ಲಿ ಐ386ಕ್ಕೆ ಕರ್ನೆಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಹಳೆಯ 32 ಬಿಟ್ ಪ್ರೋಗ್ರಾಮ್‌ಗಳನ್ನು 64 ಬಿಟ್ ಯಂತ್ರದ ಮೇಲೆ ಓಡಿಸಲು ಬೇಕಾದ ಲೈಬ್ರರಿಗಳಷ್ಟೇ ಉಳಿದಿವೆ. ಹಾಗಾಗಿ ಹಳೆಯ 32 ಬಿಟ್ ಯಂತ್ರಗಳಿಗೆ ಬುಕ್‌ವರ್ಮೇ ಡೆಬಿಯನ್‌ನ ಕೊನೆಯ ನಿಲ್ದಾಣ. ಇಲ್ಲಿ ಇನ್ನೊಂದು ಸಾಧ್ಯತೆಯೂ ಇದೆ. ಪ್ರೊಸೆಸರ್ 64 ಬಿಟ್ಟಿನದೇ ಆಗಿದ್ದು, ಹಿಂದೆಂದೋ ಯಾರೋ 32 ಬಿಟ್ ಡೆಬಿಯನ್ ಹಾಕಿಟ್ಟಿರಬಹುದು. ‘ಎಲ್‌ಎಸ್‌ಸಿಪಿಯು’ ಆಜ್ಞೆ ಕೊಟ್ಟರೆ ಅದು ಗೊತ್ತಾಗುತ್ತದೆ. ಅಂಥ ಯಂತ್ರವನ್ನು ಅಪ್‌ಗ್ರೇಡ್ ಮಾಡಲು ಹೋಗದೆ, ಕಡತಗಳನ್ನು ಬೇರೆಡೆ ಇಟ್ಟುಕೊಂಡು 64 ಬಿಟ್ ಆವೃತ್ತಿಯನ್ನು ಹೊಸದಾಗಿ ಹಾಕುವುದೇ ಸರಿ. ಒಂದು ಕಡೆ ಹೀಗೆ ಬಾಗಿಲು ಮುಚ್ಚಿದರೆ ಇನ್ನೊಂದು ಕಡೆ ತೆರೆದಿದೆ: ಯಾರು ಬೇಕಾದರೂ ಮುಕ್ತವಾಗಿ ಬಳಸಬಹುದಾದ ರಿಸ್ಕ್-ಫೈವ್ ವಿನ್ಯಾಸದ ಪ್ರೊಸೆಸರ್‌ಗಳಿಗೆ ಡೆಬಿಯನ್ ಅಧಿಕೃತ ಬೆಂಬಲ ಕೊಟ್ಟಿರುವುದು ಇದೇ ಮೊದಲು.

32 ಬಿಟ್ಟಿನ ವಿಷಯ ಬಂದದ್ದರಿಂದ ಈ ಆವೃತ್ತಿಯ ಅತಿ ದೊಡ್ಡ ಕೆಲಸವನ್ನು ಇಲ್ಲೇ ಹೇಳಬೇಕು. ಅದು ಕಣ್ಣಿಗೆ ಕಾಣುವ ಕೆಲಸವೇ ಅಲ್ಲ. ಲಿನಕ್ಸ್ ಸಮಯವನ್ನು ಲೆಕ್ಕ ಹಾಕುವುದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಲ್ಲಿ. ಆ ಎಣಿಕೆಯನ್ನು 32 ಬಿಟ್‌ಗಳಲ್ಲಿ ಇಟ್ಟರೆ ಅದು ಹಿಡಿಯಬಲ್ಲ ಗರಿಷ್ಠ ಸಂಖ್ಯೆ 2,14,74,83,647. ಆ ಸೆಕೆಂಡು ಬರುವುದು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣ ಎಣಿಕೆ ಋಣಸಂಖ್ಯೆಗೆ ತಿರುಗಿ, ತಾರೀಕು 1901ರ ಡಿಸೆಂಬರ್‌ಗೆ ಹೋಗಿಬಿಡುತ್ತದೆ. 64 ಬಿಟ್ ಯಂತ್ರಗಳಿಗೆ ಈ ತೊಂದರೆ ಮೊದಲಿನಿಂದಲೂ ಇರಲಿಲ್ಲ. ಆದರೆ ರೂಟರ್, ಮೀಟರ್, ಕಾರ್ಖಾನೆಯ ನಿಯಂತ್ರಕ ಮುಂತಾದ ಕಡೆ ಕೂತ 32 ಬಿಟ್ ಆರ್ಮ್ ಚಿಪ್‌ಗಳು ಇನ್ನೂ ವರ್ಷಗಟ್ಟಲೆ ಓಡುವಂಥವು. ಅವುಗಳಿಗಾಗಿ ಡೆಬಿಯನ್ ಸ್ವಯಂಸೇವಕರು ಸಾವಿರಾರು ಪ್ಯಾಕೇಜ್‌ಗಳನ್ನು 64 ಬಿಟ್ ಸಮಯಕ್ಕೆ ಹೊಂದುವಂತೆ ಮತ್ತೆ ಕಟ್ಟಿದರು. ಐ386 ಒಂದನ್ನು ಮಾತ್ರ ಬಿಟ್ಟರು. ಅದು ಉಳಿದಿರುವುದೇ ಹಳೆಯ ಪ್ರೋಗ್ರಾಮ್‌ಗಳಿಗಾಗಿ, ಸಮಯದ ಅಳತೆ ಬದಲಾದರೆ ಅವು ಓಡುವುದಿಲ್ಲ. ಹನ್ನೆರಡು ವರ್ಷ ಮೊದಲೇ, ಯಾರ ಒತ್ತಾಯವೂ ಇಲ್ಲದೆ ಇಷ್ಟು ದೊಡ್ಡ ದುರಸ್ತಿಯನ್ನು ಮಾಡಿ ಮುಗಿಸಿದ ಈ ಜನರ ಬಗ್ಗೆ ನನಗೆ ನಿಜವಾದ ಗೌರವವಿದೆ.

ಇನ್ನು ನಡತೆ ಬದಲಿಸಿದವುಗಳ ಕಡೆಗೆ ಬರೋಣ. ದಿನನಿತ್ಯದ ಬಳಕೆದಾರರಿಗೆ ಮೊದಲು ತಗಲುವುದು ‘ಟೆಂಪ್’ ಎಂಬ ತಾತ್ಕಾಲಿಕ ಫೋಲ್ಡರ್. ಬುಕ್‌ವರ್ಮ್‌ವರೆಗೆ ಅದು ಹಾರ್ಡ್ ಡಿಸ್ಕಿನ ಮೇಲಿತ್ತು. ಟ್ರಿಕ್ಸಿಯಲ್ಲಿ ಅದು ಇರುವುದು ರ‍್ಯಾಮ್‌ನಲ್ಲಿ, ಒಟ್ಟು ರ‍್ಯಾಮ್‌ನ ಅರ್ಧದಷ್ಟರವರೆಗೆ ಬೆಳೆಯಬಹುದು. ಓದು-ಬರಹ ವೇಗವಾಗುತ್ತದೆ, ಡಿಸ್ಕಿನ ಸವೆತವೂ ಕಡಿಮೆ. ಆದರೆ 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ 3 ಜಿಬಿಯ ವಿಡಿಯೊ ಒಂದನ್ನು ಅಲ್ಲಿ ಬಿಚ್ಚಲು ಹೋದರೆ 2 ಜಿಬಿ ತುಂಬುತ್ತಿದ್ದಂತೆ ‘ಜಾಗ ಉಳಿದಿಲ್ಲ’ ಎಂಬ ಸಂದೇಶ ಬರುತ್ತದೆ. ಡಿಸ್ಕಿನಲ್ಲಿ ನೂರಾರು ಜಿಬಿ ಖಾಲಿ ಇರುವಾಗ ಈ ಸಂದೇಶ ಕಂಡರೆ ಯಾರಿಗಾದರೂ ಗಲಿಬಿಲಿಯಾದೀತು. ರೀಸ್ಟಾರ್ಟ್ ಮಾಡಿದರೆ ಅಲ್ಲಿದ್ದದ್ದೆಲ್ಲ ಅಳಿಯುತ್ತದೆ. ಹೊಸದಾಗಿ ಹಾಕಿದ ಟ್ರಿಕ್ಸಿಯಲ್ಲಾದರೆ ಹತ್ತು ದಿನ ಯಾರೂ ಮುಟ್ಟದ ಕಡತವೂ ತಾನಾಗಿ ಹೋಗುತ್ತದೆ. ಹಳೆಯ ಪದ್ಧತಿಯೇ ಬೇಕೆಂದರೆ ಸಿಸ್ಟಮ್‌ಡಿಯಲ್ಲಿ ಟೆಂಪ್‌ನ ಮೌಂಟ್ ಘಟಕವನ್ನು ‘ಮಾಸ್ಕ್’ ಮಾಡಿ ರೀಸ್ಟಾರ್ಟ್ ಮಾಡಿದರೆ ಆಯಿತು. ಅಪ್‌ಗ್ರೇಡಿಗೆ ಮೊದಲು ಟೆಂಪ್‌ನಲ್ಲಿ ಇದ್ದ ಕಡತಗಳು ನಾಶವಾಗುವುದಿಲ್ಲ, ಹೊಸ ಫೋಲ್ಡರಿನ ಅಡಿಯಲ್ಲಿ ಮರೆಯಾಗಿ ಡಿಸ್ಕಿನ ಜಾಗ ಹಿಡಿದುಕೊಂಡು ಕೂತಿರುತ್ತವೆ. ಅದಕ್ಕೇ ಬೇಕಾದ್ದನ್ನು ಮೊದಲೇ ಹೊರಗೆ ತೆಗೆದು ಉಳಿದದ್ದನ್ನು ಅಳಿಸಿಬಿಡಿ.

ಸರ್ವರ್ ನೋಡಿಕೊಳ್ಳುವವರಿಗೆ ಪಟ್ಟಿ ಉದ್ದವಿದೆ. ಡೋವ್‌ಕಾಟ್ ಮೇಲ್ ಸರ್ವರ್ 2.3ರಿಂದ 2.4ಕ್ಕೆ ಏರಿದೆ, ಹಳೆಯ ಕಾನ್ಫಿಗರೇಶನ್ ಕಡತವನ್ನು ಅದು ಒಪ್ಪುವುದಿಲ್ಲ; ಕೂತು ಹೊಸದಾಗಿಯೇ ಬರೆಯಬೇಕು. ಎಸ್‌ಎಸ್‌ಎಚ್‌ನಲ್ಲಿ ಡಿಎಸ್‌ಎ ಕೀಲಿಗಳಿಗೆ ಬೆಂಬಲ ನಿಂತಿದೆ. ಅಂಥ ಕೀಲಿಯೊಂದರಿಂದಲೇ ದೂರದ ಸರ್ವರಿಗೆ ಹೋಗಿಬರುತ್ತಿದ್ದರೆ ಈಗಲೇ ಬೇರೆ ಬಗೆಯ ಕೀಲಿ ಹಾಕಿಕೊಳ್ಳಿ, ಇಲ್ಲವಾದರೆ ಬಾಗಿಲ ಹೊರಗೆ ಉಳಿಯುತ್ತೀರಿ. ಕರ್ನೆಲ್ ಸೆಟ್ಟಿಂಗ್‌ಗಳನ್ನು ‘ಸಿಸ್‌ಸಿಟಿಎಲ್ ಡಾಟ್ ಕಾನ್ಫ್’ ಕಡತದಲ್ಲಿ ಬರೆದಿಟ್ಟಿದ್ದರೆ ಸಿಸ್ಟಮ್ ಶುರುವಾಗುವಾಗ ಅದನ್ನು ಇನ್ನು ಓದುವುದಿಲ್ಲ, ‘ಸಿಸ್‌ಸಿಟಿಎಲ್ ಡಾಟ್ ಡಿ’ ಫೋಲ್ಡರಿಗೆ ಸಾಗಿಸಬೇಕು. ಮರಿಯಾಡಿಬಿಯನ್ನು ಸರಿಯಾಗಿ ಶಟ್‌ಡೌನ್ ಮಾಡಿಯೇ ಏರಿಸಬೇಕು. ಹಿಂದಿನ ಬಾರಿ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿದ್ದರೆ ಹಳೆಯ ಆವೃತ್ತಿಯಲ್ಲೇ ಒಮ್ಮೆ ಚಾಲೂ ಮಾಡಿ ಚೇತರಿಸಿಕೊಳ್ಳಲು ಬಿಡಿ. ಪೋಸ್ಟ್‌ಗ್ರೆಸ್ 15ರಿಂದ 17ಕ್ಕೆ ಹೋದರೂ ನಿಮ್ಮ ದತ್ತಾಂಶ ತಾನಾಗಿ ಹೊಸದರೊಳಗೆ ಹೋಗುವುದಿಲ್ಲ. ಹಳೆಯದು ಹಳೆಯ ಪೋರ್ಟ್‌ನಲ್ಲೇ ಓಡುತ್ತಿರುತ್ತದೆ, ಪಕ್ಕದಲ್ಲಿ ಖಾಲಿ 17 ಬಂದು ಕೂರುತ್ತದೆ. ದತ್ತಾಂಶ ಸಾಗಿಸಲು ಡೆಬಿಯನ್‌ನದೇ ಪ್ರತ್ಯೇಕ ಆಜ್ಞೆಯಿದೆ. ಅದನ್ನು ಕೊಟ್ಟು, ಪರೀಕ್ಷಿಸಿ ನೋಡಿದ ಮೇಲೆಯೇ ಹಳೆಯದನ್ನು ತೆಗೆಯಿರಿ.

ಪೈಥಾನ್ ಬಳಸುವವರಿಗೂ ಒಂದು ಮಾತು. 3.11 ಹೋಗಿ 3.13 ಬಂದಿದೆ. ನೀವು ಕಟ್ಟಿಕೊಂಡ ವರ್ಚುವಲ್ ಎನ್ವಿರಾನ್‌ಮೆಂಟ್‌ಗಳು ಹಳೆಯದಕ್ಕೆ ಅಂಟಿಕೊಂಡವಾದ್ದರಿಂದ ಅವನ್ನು ಅಳಿಸಿ ಮತ್ತೆ ಕಟ್ಟಬೇಕಾಗುತ್ತದೆ. ‘ಸಿಜಿಐ’, ‘ಟೆಲ್ನೆಟ್‌ಲಿಬ್’ ಮುಂತಾದ ಹಳೆಯ ಮಾಡ್ಯೂಲ್‌ಗಳನ್ನು ಪೈಥಾನ್ ತಂಡವೇ 3.13ರಲ್ಲಿ ಕಿತ್ತುಹಾಕಿದೆ.

ಈಗ ಏರಿಸುವ ಕ್ರಮ. ಡೆಬಿಯನ್ 11ರಿಂದ ನೇರ 13ಕ್ಕೆ ಹಾರಲು ಬರುವುದಿಲ್ಲ. 12ಕ್ಕೆ ಬಂದು, ಅದರ ಎಲ್ಲ ತಿದ್ದುಪಡಿಗಳನ್ನು ಹಾಕಿಕೊಂಡೇ ಮುಂದೆ ಹೋಗಬೇಕು. ದೂರದ ಸರ್ವರ್ ಆಗಿದ್ದರೆ ಈ ತಿದ್ದುಪಡಿಗಳು ಇನ್ನೂ ಮುಖ್ಯ: ಬುಕ್‌ವರ್ಮ್‌ನ ಹಳೆಯ ಎಸ್‌ಎಸ್‌ಎಚ್ ಪ್ಯಾಕೇಜ್ ಇದ್ದರೆ ಅಪ್‌ಗ್ರೇಡ್ ನಡುವೆ ಸಂಪರ್ಕ ತಪ್ಪಿದಾಗ ಮತ್ತೆ ಒಳಹೋಗಲು ಆಗದಿರಬಹುದು. ಕೆಲಸವನ್ನು ‘ಸ್ಕ್ರೀನ್’ ಅಥವಾ ‘ಟಿಮಕ್ಸ್’ ಒಳಗೇ ನಡೆಸಿ. ಬೂಟ್ ವಿಭಾಗ ಬೇರೆಯೇ ಇದ್ದರೆ ಅದು ಕನಿಷ್ಠ 768 ಎಂಬಿ ಇದ್ದು, ಸುಮಾರು 300 ಎಂಬಿ ಖಾಲಿ ಇರಬೇಕು. ಹಳೆಯ ಕರ್ನೆಲ್‌ಗಳನ್ನು ತೆಗೆದರೆ ಜಾಗ ಸಿಗುತ್ತದೆ. ಹೊರಗಿನ ರೆಪಾಸಿಟರಿಗಳನ್ನು ಸದ್ಯಕ್ಕೆ ನಿಲ್ಲಿಸಿಡಿ. ಆಮೇಲೆ ಸೋರ್ಸಸ್ ಕಡತಗಳಲ್ಲಿ ಬುಕ್‌ವರ್ಮ್ ಎಂದಿದ್ದಲ್ಲೆಲ್ಲ ಟ್ರಿಕ್ಸಿ ಎಂದು ಬದಲಿಸಿ ‘ಆಪ್ಟ್ ಅಪ್‌ಡೇಟ್’ ಕೊಡಿ. ನೇರವಾಗಿ ‘ಫುಲ್-ಅಪ್‌ಗ್ರೇಡ್’ಗೆ ಹೋಗಬೇಡಿ. ಮೊದಲು ಹೊಸ ಪ್ಯಾಕೇಜ್ ಸೇರಿಸದೆ ಇದ್ದವನ್ನಷ್ಟೇ ಏರಿಸುವ ಚಿಕ್ಕ ಅಪ್‌ಗ್ರೇಡ್, ಅದು ಮುಗಿದ ಮೇಲೆ ಪೂರ್ಣ ಅಪ್‌ಗ್ರೇಡ್. ‘ಇವನ್ನು ತೆಗೆಯಲಾಗುವುದು’ ಎಂದು ಆಪ್ಟ್ ತೋರಿಸುವ ಪಟ್ಟಿಯನ್ನು ಓದದೆ ‘ವೈ’ ಒತ್ತಬೇಡಿ. ನಿಮಗೆ ಬೇಕಾದದ್ದು ಅದರಲ್ಲಿದ್ದರೆ ನಿಲ್ಲಿಸಲು ಅದೇ ಸರಿಯಾದ ಗಳಿಗೆ.

ನಡುವೆ ಪರದೆ ತಟ್ಟನೆ ನಿಂತು ಒಂದು ಪ್ರಶ್ನೆ ಕೇಳುತ್ತದೆ. ನೀವು ಹಿಂದೆ ತಿದ್ದಿದ ಕಾನ್ಫಿಗರೇಶನ್ ಕಡತ, ಎನ್‌ಜಿನ್‌ಎಕ್ಸ್‌ನದು ಎಂದಿಟ್ಟುಕೊಳ್ಳಿ, ಹೊಸ ಪ್ಯಾಕೇಜಿನಲ್ಲೂ ಬದಲಾಗಿದೆ. ಯಾವುದನ್ನು ಇಡಲಿ ಎಂಬುದು ಪ್ರಶ್ನೆ. ‘ವೈ’ ಎಂದರೆ ಅವರದ್ದು, ‘ಎನ್’ ಎಂದರೆ ನಿಮ್ಮದು, ‘ಡಿ’ ಒತ್ತಿದರೆ ಎರಡರ ವ್ಯತ್ಯಾಸ ಸಾಲು ಸಾಲಾಗಿ ಕಾಣುತ್ತದೆ, ‘ಝಡ್’ ಒತ್ತಿದರೆ ಅಲ್ಲೇ ಒಂದು ಶೆಲ್ ತೆರೆಯುತ್ತದೆ. ಏನೂ ಹೇಳದೆ ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತದೆ. ಮೊದಲು ‘ಡಿ’ ಒತ್ತಿ ನೋಡಿ ಎನ್ನುವುದು ನನ್ನ ಸಲಹೆ. ಸಂದೇಹವಿದ್ದರೆ ನಿಮ್ಮದನ್ನೇ ಇಟ್ಟುಕೊಳ್ಳಿ. ಅವರ ಹೊಸ ಕಡತ ‘ಡಿಪಿಕೆಜಿ-ಡಿಸ್ಟ್’ ಎಂಬ ಬಾಲದೊಂದಿಗೆ ಪಕ್ಕದಲ್ಲೇ ಇರುತ್ತದೆ, ಮರುದಿನ ಹೋಲಿಸಬಹುದು. ‘ವೈ’ ಒತ್ತಿದರೂ ನಿಮ್ಮ ಹಳೆಯದು ‘ಡಿಪಿಕೆಜಿ-ಓಲ್ಡ್’ ಆಗಿ ಉಳಿದಿರುತ್ತದೆ, ಗಾಬರಿ ಬೇಡ.

ರೀಸ್ಟಾರ್ಟ್ ಮಾಡುವ ಮುನ್ನ ಇನ್ನೊಂದು ತಪಾಸಣೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ‘ಸಿಸ್ಟಮ್‌ಡಿ-ಕ್ರಿಪ್ಟ್‌ಸೆಟಪ್’ ಪ್ಯಾಕೇಜ್ ಬಂದಿದೆಯೇ ನೋಡಿ. ಈ ಕೆಲಸ ಈಗ ಪ್ರತ್ಯೇಕ ಪ್ಯಾಕೇಜಿಗೆ ಹೋಗಿದೆ, ಶಿಫಾರಸು ಮಾಡಿದ ಪ್ಯಾಕೇಜ್‌ಗಳು ಬೇಡವೆಂದು ಆಪ್ಟ್‌ಗೆ ಹೇಳಿಟ್ಟವರಿಗೆ ಅದು ಬಂದಿರುವುದಿಲ್ಲ. ನೆಟ್‌ವರ್ಕ್ ಕಾರ್ಡ್‌ಗಳ ಹೆಸರು ಬದಲಾಗುವ ಸಂಭವವೂ ಇದೆ. ಆದ್ದರಿಂದ ದೂರದ ಯಂತ್ರಕ್ಕೆ ಕನ್ಸೋಲ್ ಮೂಲಕ ಹೋಗುವ ಬದಲಿ ದಾರಿ ಇಲ್ಲದೆ ರೀಸ್ಟಾರ್ಟ್ ಮಾಡಬೇಡಿ.

ಯಂತ್ರ ಸರಿಯಾಗಿ ಎದ್ದ ಮೇಲೆ ಹೊಸತನ್ನು ನೋಡುವ ಹೊತ್ತು. ಕರ್ನೆಲ್ 6.12, ಡೆಸ್ಕ್‌ಟಾಪ್‌ಗಳಾದ ಗ್ನೋಮ್ 48 ಮತ್ತು ಪ್ಲಾಸ್ಮಾ 6.3, ಲಿಬ್ರೆ ಆಫೀಸ್ 25.2, ಬಹುಕಾಲ ಕಾಯಿಸಿ ಬಂದ ಗಿಂಪ್ 3. ಆಪ್ಟ್ 3ರಲ್ಲಿ ಸೇರುವವು, ಹೋಗುವವು ಬೇರೆ ಬೇರೆ ಬಣ್ಣದಲ್ಲಿ ಕಾಣುವುದರಿಂದ ಮುಂದಿನ ಸಲ ಪಟ್ಟಿ ಓದುವುದು ಸುಲಭ.

ಕನ್ನಡದಲ್ಲಿ ಬರೆಯುವವರು ಮೊದಲ ದಿನವೇ ಟೈಪಿಂಗ್ ಪರೀಕ್ಷಿಸಿಕೊಳ್ಳಿ. ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟ್‌ಗಳು ಡೆಬಿಯನ್ ಪ್ಯಾಕೇಜ್‌ಗಳಾಗಿಯೇ ಸಿಗುತ್ತವೆ. ಕನ್ನಡ ಟೈಪಿಸಲು ನೆರವಾಗುವ ಐಬಸ್‌ನ ಜೊತೆ ಎಂ17ಎನ್ ಹಾಕಿಕೊಂಡರೆ ಕೆಜಿಪಿ ಕೀಲಿಮಣೆಯೂ ಇದೆ. ಗ್ನೋಮ್‌ನಲ್ಲಿ ಹೆಚ್ಚಿನ ತೊಡಕಿಲ್ಲ. ಪ್ಲಾಸ್ಮಾ ಬಳಸುವವರು ಮಾತ್ರ 5ರಿಂದ 6ಕ್ಕೆ ಹೋಗುವುದರ ಜೊತೆಗೆ ಪರದೆ ನಿಭಾಯಿಸುವ ಹಳೆಯ ವ್ಯವಸ್ಥೆ ಎಕ್ಸ್11ರಿಂದ ಹೊಸದಾದ ವೇಲ್ಯಾಂಡ್‌ಗೆ ದಾಟುವ ಸಾಧ್ಯತೆಯಿದೆ, ಆಗ ಐಬಸ್ ಓಡುತ್ತಿದ್ದರೂ ಕನ್ನಡ ಅಕ್ಷರ ಮೂಡದೆ ಹೋಗಬಹುದು. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ‘ವರ್ಚುವಲ್ ಕೀಬೋರ್ಡ್’ ಎಂಬ ಪುಟ ತೆರೆದು ‘ಐಬಸ್ ವೇಲ್ಯಾಂಡ್’ ಆರಿಸಿ, ಲಾಗ್ಔಟ್ ಆಗಿ ಮತ್ತೆ ಒಳಬನ್ನಿ.