ಅನ್ನಮಾರ್ಗದ ಮೇಲ್ಭಾಗದ ಕ್ರೋನ್ಸ್ ಕಾಯಿಲೆ: ಹಲವು ಹೆಸರು, ಒಂದು ವ್ಯಾಧಿ

ಕನ್ನಡ ಜನಪದರು ಹೊಟ್ಟೆಯ ಬಾಧೆಗಳನ್ನು ಒಂದೇ ಹೆಸರಿನಿಂದ ಕರೆದವರಲ್ಲ. ಬಾಯಿಯಲ್ಲಿ ಹುಣ್ಣಾದರೆ ಅದು ಉಷ್ಣ. ಅದಕ್ಕೆ ಮಜ್ಜಿಗೆ, ಎಳನೀರು. ವಾಕರಿಕೆ ಬಂದರೆ ಪಿತ್ತ. ಹುಳಿತೇಗು, ಹೊಟ್ಟೆಯುಬ್ಬರಗಳು ಅಜೀರ್ಣದ ಗುರುತುಗಳು. ಅವಕ್ಕೆ ಓಮ, ಜೀರಿಗೆಯ ಕಷಾಯ. ಉಣ್ಣಲೊಲ್ಲದ ಮಗು ಸೊರಗುತ್ತ ಬಂದರೆ ದೃಷ್ಟಿ ತಾಗಿದೆಯೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸುವುದುಂಟು. ದಿನನಿತ್ಯದ ಸಣ್ಣಪುಟ್ಟ ತೊಂದರೆಗಳ ಮಟ್ಟಿಗೆ ಈ ವಿಂಗಡಣೆ ಬಳಕೆಯಲ್ಲಿ ಉಳಿದು ಬಂದಿದೆ. ಆದರೆ ಈ ಲಕ್ಷಣಗಳೆಲ್ಲ ಒಂದೇ ವ್ಯಾಧಿಯ ಬೇರೆ ಬೇರೆ ಮುಖಗಳಾಗಿರುವ ಸಂದರ್ಭವೂ ಉಂಟು. ಅನ್ನಮಾರ್ಗದ ಮೇಲ್ಭಾಗಕ್ಕೆ ತಗಲುವ ಕ್ರೋನ್ಸ್ ಕಾಯಿಲೆ ಅಂಥದು.

1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ವೈದ್ಯರಾದ ಬರ್ರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್ ಮತ್ತು ಗಾರ್ಡನ್ ಒಪನ್‌ಹೈಮರ್ ಅವರು ಸಣ್ಣಕರುಳಿನ ಕೊನೆಯ ಭಾಗದ ಉರಿಯೂತವೊಂದನ್ನು ವಿವರಿಸಿದರು. ಮುಂದೆ ಅದಕ್ಕೆ ಕ್ರೋನ್ ಅವರ ಹೆಸರೇ ನಿಂತಿತು. ಬಾಯಿಯಿಂದ ಗುದದ್ವಾರದವರೆಗೆ ಅನ್ನಮಾರ್ಗದ ಯಾವ ಭಾಗದಲ್ಲಾದರೂ ಇದು ತೋರಬಹುದೆಂಬುದು ಕಾಲಕ್ರಮದಲ್ಲಿ ಸ್ಪಷ್ಟವಾಯಿತು. ಆನುವಂಶಿಕ ಗುಣ, ಕರುಳಿನ ಸೂಕ್ಷ್ಮಜೀವಿಗಳು, ಪರಿಸರ ಇವೆಲ್ಲ ಕೂಡಿ ದೇಹದ ರಕ್ಷಣಾವ್ಯವಸ್ಥೆಯು ಸ್ವಂತ ಅನ್ನಮಾರ್ಗದ ಮೇಲೆಯೇ ತಿರುಗಿ ಬೀಳುವುದು ಇದರ ಮೂಲವೆಂದು ತಿಳಿಯಲಾಗಿದೆ. ಉರಿಯೂತವು ಅಲ್ಲಲ್ಲಿ ಬಿಟ್ಟುಬಿಟ್ಟು ಕಾಣಿಸಿಕೊಳ್ಳುತ್ತದೆ. ಒಳಪದರದಲ್ಲಿ ನಿಲ್ಲದೆ ಗೋಡೆಯ ಪೂರ್ಣ ದಪ್ಪಕ್ಕೂ ಇಳಿಯಬಲ್ಲದು.

ಮೇಲ್ಭಾಗದಲ್ಲಿ ಇದರ ಪರಿಣಾಮ ಸ್ಥಾನದಿಂದ ಸ್ಥಾನಕ್ಕೆ ಭಿನ್ನ. ಬಾಯಿಯಲ್ಲಿ ಮರುಕಳಿಸುವ ಹುಣ್ಣು, ತುಟಿಯ ಊತ. ಅನ್ನನಾಳದಲ್ಲಿ ನುಂಗುವಾಗ ನೋವು, ತಡೆ. ಜಠರದ ಕೆಳತುದಿ ಮತ್ತು ಅದಕ್ಕೆ ಹೊಂದಿಕೊಂಡ ಸಣ್ಣಕರುಳಿನ ಮೊದಲ ಭಾಗಕ್ಕೆ ತಗಲಿದಾಗ ಮೇಲ್ಹೊಟ್ಟೆಯ ನೋವು, ವಾಕರಿಕೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಅನುಭವ, ತೂಕದ ಇಳಿತ. ಹುಣ್ಣು ಮಾಯ್ದು ಕಲೆಗಟ್ಟಿದ ಕಡೆ ದಾರಿ ಕಿರಿದಾದರೆ ಉಂಡ ಅನ್ನ ಮುಂದೆ ಸಾಗದೆ ವಾಂತಿಯಾಗುತ್ತದೆ. ಮಕ್ಕಳಲ್ಲಿ ಬೆಳವಣಿಗೆಯೇ ಕುಂಠಿತಗೊಳ್ಳಬಹುದು. ಮೇಲ್ಭಾಗ ಮಾತ್ರ ರೋಗಪೀಡಿತವಾಗುವುದು ವಿರಳ. ಸಾಮಾನ್ಯವಾಗಿ ಕೆಳಗರುಳಿನ ಕಾಯಿಲೆಯೂ ಜೊತೆಗಿರುತ್ತದೆ. 2005ರ ಮಾಂಟ್ರಿಯಲ್ ವರ್ಗೀಕರಣವು ಮೇಲ್ಭಾಗದ ಕಾಯಿಲೆಗೆ ಪ್ರತ್ಯೇಕ ಗುರುತನ್ನು ನೀಡಿದೆ.

ಕಂಡದ್ದನ್ನು ಕಂಡ ವಸ್ತುವಿಗೆ ಹೋಲಿಸಿ ಹೆಸರಿಡುವ ಕ್ರಮ ಜನಪದರದು ಮಾತ್ರವಲ್ಲ. ಎಂಡೋಸ್ಕೋಪಿಯಲ್ಲಿ ಜಠರದ ಉಬ್ಬಿದ ಮಡಿಕೆಗಳನ್ನು ಅಡ್ಡಸೀಳುಗಳು ಹಾಯ್ದಿರುವುದನ್ನು ಕಂಡ ವೈದ್ಯರು ಅದನ್ನು ಬಿದಿರಿನ ಗೆಣ್ಣಿಗೆ ಹೋಲಿಸಿದ್ದಾರೆ. ಹೋಲಿಕೆಯೊಂದೇ ನಿರ್ಣಯಕ್ಕೆ ಸಾಲದು. ಹೆಲಿಕೋಬ್ಯಾಕ್ಟರ್ ಸೋಂಕು ಹಾಗೂ ನೋವುನಿವಾರಕ ಮಾತ್ರೆಗಳಿಂದಾದ ಹುಣ್ಣುಗಳನ್ನು ಮೊದಲು ಬೇರ್ಪಡಿಸಬೇಕು. ಭಾರತದಲ್ಲಿ ಕರುಳಿನ ಕ್ಷಯವನ್ನು ಬೇರ್ಪಡಿಸುವುದು ಇನ್ನೂ ಮುಖ್ಯ. ಎರಡರ ಲಕ್ಷಣಗಳಲ್ಲಿ ಹೋಲಿಕೆಯಿದ್ದರೂ ಚಿಕಿತ್ಸೆಯ ದಾರಿ ಬೇರೆ. ಕ್ರೋನ್ಸ್ ಕಾಯಿಲೆಗೆ ಕೊಡುವ, ರಕ್ಷಣಾಶಕ್ತಿಯನ್ನು ತಗ್ಗಿಸುವ ಔಷಧಗಳು ಕ್ಷಯವನ್ನು ಉಲ್ಬಣಗೊಳಿಸಬಲ್ಲವು.

ಆಮ್ಲವನ್ನು ತಗ್ಗಿಸುವ ಔಷಧ, ಸ್ಟೀರಾಯ್ಡ್, ರಕ್ಷಣಾವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಮಾತ್ರೆಗಳು, 1998ರಿಂದ ಬಳಕೆಗೆ ಬಂದ ಇನ್‌ಫ್ಲಿಕ್ಸಿಮಾಬ್‌ನಂಥ ಜೈವಿಕ ಔಷಧಗಳು ಇದರ ಚಿಕಿತ್ಸಾಕ್ರಮದಲ್ಲಿವೆ. ಕಿರಿದಾದ ದಾರಿಯನ್ನು ಬಲೂನಿನಿಂದ ಹಿಗ್ಗಿಸುವುದು, ಅಗತ್ಯಬಿದ್ದಲ್ಲಿ ಶಸ್ತ್ರಚಿಕಿತ್ಸೆ ಮಾಡುವುದು ಉಂಟು. ಸಂಪೂರ್ಣ ನಿವಾರಣೆ ಸಾಧ್ಯವಿಲ್ಲದಿದ್ದರೂ ರೋಗವನ್ನು ದೀರ್ಘಕಾಲ ಶಮನದಲ್ಲಿಡಬಹುದು.

ಉಷ್ಣ, ಪಿತ್ತ, ದೃಷ್ಟಿ ಎಂಬ ಹೆಸರುಗಳು ತಪ್ಪೆಂದು ತಳ್ಳಿಹಾಕುವಂಥವಲ್ಲ. ಅವು ನೋವನ್ನು ಹೇಳಿಕೊಳ್ಳುವ ನುಡಿ. ತೊಡಕಿರುವುದು ಒಂದೊಂದು ಹೆಸರಿಗೆ ಒಂದೊಂದು ಮದ್ದು ದೊರೆತು, ಒಂದೇ ದೇಹದ ಲಕ್ಷಣಗಳು ಪರಸ್ಪರ ಸೇರದೆ ಉಳಿಯುವುದರಲ್ಲಿ. ಜನಪದ ವೈದ್ಯದ ಸಂಗ್ರಹಕಾರ್ಯವು ಬಾಧೆಯ ಹೆಸರು, ಮದ್ದುಗಳ ಜೊತೆಗೆ ಅದು ಎಷ್ಟು ಕಾಲ ಉಳಿಯಿತು, ಎಷ್ಟು ಸಲ ಮರಳಿತು, ಅದರೊಡನೆ ಮತ್ತೇನು ಬಂತು ಎಂಬುದನ್ನೂ ದಾಖಲಿಸಿದರೆ, ಆ ದಾಖಲೆ ರೋಗಿಗೂ ವೈದ್ಯನಿಗೂ ನೆರವಾದೀತು.