ಒಂದೇ ಗೇರು, ನೂರು ಏರು



ಕಳೆದ ತಿಂಗಳ ಫೋನ್-ಇನ್ ಕಾರ್ಯಕ್ರಮದ ಕೊನೆಯ ಕರೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕರೆ ಮಾಡಿದವರು ಕಲಬುರಗಿ ಕಡೆಯವರು. ಮನೆ ಕಾತ್ರಜ್ ಹತ್ತಿರ, ಕೆಲಸ ಪುಣೆಯ ಪೇಠೆಯೊಳಗಿನ ಒಂದು ಕ್ಯಾಂಟೀನಿನಲ್ಲಿ. ಯಾವ ಹಾಡು ಬೇಕು ಅಂತ ಕೇಳಿದರೆ ಅವರು ಹಾಡು ಕೇಳಲಿಲ್ಲ. “ದಿನಾ ಸೈಕಲ್ ಮ್ಯಾಲ ಹೋಗಿ ಬರ್ತೀನ್ರಿ ಸರ್. ಸಂಜಿಗೆ ಏರು ಹತ್ತೂದ್ರಾಗ ಮೊಣಕಾಲು ನೋಯಾಕ ಹತ್ಯಾವ. ಗೇರ್ ಸೈಕಲ್ ತಗೊಳ್ಳೋ ಶಕ್ತಿ ಇಲ್ಲ. ಇದನ್ನ ಮಾರಿಬಿಡ್ಲೇನ್ರಿ?” ಅಂದರು. ಕಾರ್ಯಕ್ರಮ ಮುಗಿಯಲು ಅರ್ಧ ನಿಮಿಷ ಇತ್ತು. “ಮಾರಬೇಡಿ, ನೋಡೋಣ” ಎಂದು ಏನೋ ಒಂದು ಹೇಳಿ ಹಾಡು ಹಾಕಿಬಿಟ್ಟೆ.

ಆ ಸಂಜೆ ನನಗೇ ನಾಚಿಕೆಯಾಯಿತು. ಯಾಕೆಂದರೆ ನಾನೂ ಅದೇ ರಸ್ತೆಯವನು, ನನ್ನದೂ ಅಂಥದ್ದೇ ಸೈಕಲ್. ಮನೆ ಧನಕವಡಿಯಲ್ಲಿ, ಸ್ಟುಡಿಯೋ ಕೆಳಗೆ ಊರೊಳಗೆ. ಬೆಳಿಗ್ಗೆ ಇಳಿಜಾರು, ಸಂಜೆ ಏರು. ಸೈಕಲ್ ನಮ್ಮಪ್ಪನದು. ಧಾರವಾಡದಿಂದ ಬಸ್ಸಿನ ಮೇಲೆ ಹಾಕಿಸಿ ತಂದದ್ದು. ಧಾರವಾಡವೂ ಏರು-ತಗ್ಗಿನ ಊರೇ ಅಲ್ಲವೇ? ಸೈಕಲ್ ಕಳಿಸುವಾಗ ಅಪ್ಪ ಹೇಳಿದ್ದು ಒಂದೇ ಮಾತು: “ತಮ್ಮಾ, ಏರಿನಾಗ ಜಿದ್ದು ಮಾಡಬ್ಯಾಡ, ಇಳಿಜಾರಿನಾಗ ಬ್ರೇಕ್ ನಂಬಬ್ಯಾಡ.” ಆ ಮಾತಿನ ಅರ್ಥ ಪೂರ್ತಿ ತಿಳಿಯಲು ನನಗೆ ಎರಡು ಮಳೆಗಾಲ ಬೇಕಾಯಿತು. ಅವತ್ತು ಅರ್ಧ ನಿಮಿಷದಲ್ಲಿ ಹೇಳಲಾಗದ ಉತ್ತರ ಇವತ್ತು ಈ ಪುಟದಲ್ಲಿ.

ಪುಣೆ ಸಪಾಟಾಗಿಲ್ಲ

ಪುಣೆಗೆ ‘ಸೈಕಲ್‌ಗಳ ಊರು’ ಎಂಬ ಹೆಸರಿತ್ತು. ಹಳೆಯ ಪುಣೆಗೆ ಅದು ಸಲ್ಲುತ್ತಿತ್ತು ಕೂಡ. ಶನಿವಾರ ವಾಡಾದ ಸುತ್ತಿನ ಪೇಠೆಗಳು ಮುಠಾ ನದಿಯ ಪಕ್ಕದಲ್ಲಿವೆ, ನೆಲ ಹೆಚ್ಚು ಕಡಿಮೆ ಸಪಾಟು. ಆದರೆ ಊರು ಬೆಳೆದದ್ದು ಗುಡ್ಡಗಳ ಕಡೆಗೆ. ಕೋಥ್ರೂಡ್ ದಾಟಿದರೆ ಚಾಂದನಿ ಚೌಕದ ಏರು, ದಕ್ಷಿಣಕ್ಕೆ ಕೊಂಢ್ವಾದ ಏರು, ಸ್ವಾರ್ಗೇಟ್‌ನಿಂದ ಕಾತ್ರಜ್‌ವರೆಗೆ ಮುಗಿಯದ ಏರು. ಆ ರಸ್ತೆಯೇ ಮುಂದೆ ಘಾಟ್ ಹತ್ತಿ, ಸಾತಾರಾ, ಕೊಲ್ಹಾಪುರ ದಾಟಿ ಬೆಳಗಾವಿಗೆ ಹೋಗುತ್ತದೆ. ನಮ್ಮೂರಿನ ದಾರಿಯೇ ಏರು ದಾರಿ!

ಬಾಡಿಗೆ ಅಗ್ಗ ಎಂದು ಊರಂಚಿನಲ್ಲಿ ಮನೆ ಮಾಡಿದವರು, ಬೆಳಿಗ್ಗೆ ಪೇಪರ್ ಹಾಕುವವರು, ವಾಚ್‌ಮನ್‌ಗಳು, ಕ್ಯಾಂಟೀನಿನವರು ಈ ಏರುಗಳನ್ನು ದಿನಾ ಹತ್ತುವುದು ಒಂದೇ ಗೇರಿನ ಸೈಕಲ್‌ನಲ್ಲಿ. ಅದು ಅವರ ಹವ್ಯಾಸವಲ್ಲ, ಇರುವುದೇ ಅದು.

ಮೊದಲು ಹಲ್ಲು ಎಣಿಸಿ

ಸೈಕಲ್ ಮಾರುವ ಮುಂಚೆ ಒಂದು ಕೆಲಸ ಮಾಡಿ. ಸ್ಟ್ಯಾಂಡ್ ಹಾಕಿ ಕುಳಿತು, ಪೆಡಲ್ ಹತ್ತಿರದ ದೊಡ್ಡ ಚಕ್ರದ ಹಲ್ಲು ಎಣಿಸಿ. ಆಮೇಲೆ ಹಿಂದಿನ ಗಾಲಿಯ ಫ್ರೀವೀಲ್‌ನ ಹಲ್ಲು ಎಣಿಸಿ. ನನ್ನ ಸೈಕಲ್‌ನಲ್ಲಿ ಮುಂದೆ 44, ಹಿಂದೆ 18 ಇದ್ದವು. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. 28 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ. ಹೀಗೆ ಒಂದು ತುಳಿತದ ಸುತ್ತಿಗೆ ಸೈಕಲ್ ಹೆಚ್ಚು ಕಡಿಮೆ ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಸಪಾಟು ರಸ್ತೆಗೆ ಇದು ಬಹಳ ಸುಖ. ಏರಿನಲ್ಲಿ ಇದೇ ಶಿಕ್ಷೆ.

ಯಾಕೆ ಅಂತೀರಾ? ಒಂದು ಚಿಕ್ಕ ಲೆಕ್ಕ ನೋಡಿ. ನಿಮ್ಮ ತೂಕ 60 ಕಿಲೋ, ಸೈಕಲ್ ಸುಮಾರು 20 ಕಿಲೋ ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಐದು ಮೀಟರ್ ಮೇಲೇಳುವ ರಸ್ತೆಯಲ್ಲಿ, ಯಾರೋ ಹಿಂದಿನಿಂದ 4 ಕಿಲೋ ಭಾರದಷ್ಟು ಎಳೆಯುತ್ತಿರುವ ಹಾಗೆ ಆಗುತ್ತದೆ. ನಾಲ್ಕೇ ಕಿಲೋ ತಾನೇ ಎನ್ನಬೇಡಿ. ನಿಮ್ಮ ಪಾದ ಪೆಡಲ್ ಮೇಲೆ ಒಂದು ಸುತ್ತು ಹಾಕಿದಾಗ ಚಲಿಸುವುದು ಒಂದು ಮೀಟರಿಗಿಂತ ಚೂರು ಹೆಚ್ಚು, ಸೈಕಲ್ ಚಲಿಸುವುದು ಐದೂವರೆ ಮೀಟರ್. ದೂರ ಐದು ಪಟ್ಟು ಸಿಕ್ಕಿತೆಂದರೆ ಭಾರವೂ ಐದು ಪಟ್ಟು! ಸಾಮು ತೆಗೆಯುವ ಹಾಗೆ, ಸರಾಸರಿ 20 ಕಿಲೋ ಒತ್ತಡ ಪ್ರತಿ ಸುತ್ತಿಗೂ ಕಾಲಿನ ಮೇಲೆ. ಪೆಡಲ್ ತುದಿಯಲ್ಲಿ ಮತ್ತು ಬುಡದಲ್ಲಿ ಇರುವಾಗ ಕಾಲು ಒತ್ತಲಾಗದು, ಆದ್ದರಿಂದ ನಡುವೆ ಇನ್ನೂ ಹೆಚ್ಚು ಒತ್ತಬೇಕು. ಮೊಣಕಾಲು ದೂರು ಹೇಳುವುದು ಇದನ್ನೇ.

ಈಗ ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆದು 22 ಹಲ್ಲಿನದು ಹಾಕಿಸಿ. 44ಕ್ಕೆ 22, ಸರಿಯಾಗಿ ಎರಡು ಪಟ್ಟು. ಒಂದು ಸುತ್ತಿಗೆ ಸುಮಾರು ನಾಲ್ಕೂವರೆ ಮೀಟರ್. 20 ಕಿಲೋ ಇದ್ದದ್ದು ಸುಮಾರು 17 ಕಿಲೋಗೆ ಇಳಿಯುತ್ತದೆ. ಮೂರು ಕಿಲೋ ಏನು ಮಹಾ ಅನ್ನಿಸಬಹುದು. ಒಂದು ಏರಿನಲ್ಲಿ ನೂರಾರು ಸಲ ತುಳಿಯುತ್ತೀರಿ, ಪ್ರತಿ ಸಲವೂ ಮೂರು ಕಿಲೋ ಉಳಿತಾಯ!

ಇದಕ್ಕೆ ಬೆಲೆ ಏನು? ಸಪಾಟು ರಸ್ತೆಯಲ್ಲಿ ವೇಗ ಸ್ವಲ್ಪ ಕಡಿಮೆ. ನಿಮಿಷಕ್ಕೆ 60 ಸುತ್ತು ತುಳಿದರೆ ಮೊದಲು ಗಂಟೆಗೆ ಹತ್ತಿರ ಹತ್ತಿರ 20 ಕಿ.ಮೀ. ಸಿಗುತ್ತಿತ್ತು, ಈಗ 16. ನಮ್ಮ ಟ್ರಾಫಿಕ್ಕಿನಲ್ಲಿ ಅದಕ್ಕಿಂತ ಜೋರಾಗಿ ಹೋಗುವ ಜಾಗವಾದರೂ ಎಲ್ಲಿದೆ ಹೇಳಿ? ರಿಪೇರಿ ಅಂಗಡಿಯ ಕಾಕಾ ಅರ್ಧ ಗಂಟೆಯಲ್ಲಿ ಫ್ರೀವೀಲ್ ಬದಲಿಸಿಕೊಟ್ಟರು. ಚೈನ್ ಸಾಲದಿದ್ದರೆ ಗಾಲಿಯನ್ನು ಸ್ವಲ್ಪ ಮುಂದೆ ಸರಿಸಬೇಕು, ಅಥವಾ ಒಂದು ಕೊಂಡಿ ಸೇರಿಸಬೇಕು. ನನಗೆ ಆದ ಖರ್ಚು ಕೆಲವೇ ನೂರು ರೂಪಾಯಿ.

ಅಂದ ಹಾಗೆ, ಸೀಟನ್ನೂ ನೋಡಿಕೊಳ್ಳಿ. ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಸೀಟು ಅದಕ್ಕಿಂತ ಕೆಳಗಿದ್ದರೆ ಮೊಣಕಾಲು ಮಡಿಚಿಯೇ ಭಾರ ತಳ್ಳಬೇಕಾಗುತ್ತದೆ. ಎಷ್ಟೋ ಜನರ ಮೊಣಕಾಲಿನ ಮುಂಭಾಗದ ನೋವಿಗೆ ಇದೂ ಒಂದು ಕಾರಣ. ಇಷ್ಟೆಲ್ಲ ಮಾಡಿದ ಮೇಲೂ ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಇಳಿದು ತಳ್ಳುವುದು ಸೋಲಲ್ಲ

ಒಂದೇ ಗೇರಿನಲ್ಲಿ ಏರು ಹತ್ತುವುದಕ್ಕೆ ಒಂದು ರೀತಿ ಇದೆ. ಏರು ಶುರುವಾಗುವ ಮುಂಚೆಯೇ ಸ್ವಲ್ಪ ವೇಗ ಕೂಡಿಸಿಕೊಳ್ಳಿ. ವೇಗ ಇಳಿದಾಗ ಸೀಟಿನಿಂದ ಎದ್ದು ನಿಂತು, ಮೈಭಾರ ಪೆಡಲ್ ಮೇಲೆ ಬಿಡಿ. ಕ್ಯಾರಿಯರ್ ಮೇಲೆ ಭಾರ ಕಡಿಮೆ ಇರಲಿ, ಗಾಲಿಗೆ ಗಾಳಿ ತುಂಬಿರಲಿ, ಚೈನಿಗೆ ಎಣ್ಣೆ ಇರಲಿ. ಹಾವಿನ ಹಾಗೆ ಅಡ್ಡಾದಿಡ್ಡಿ ಹೋದರೆ ಏರು ಹಗುರಾಗುವುದು ನಿಜ, ಆದರೆ ಹಿಂದಿನಿಂದ ಬಸ್ ಬರುವ ರಸ್ತೆಯಲ್ಲಿ ಆ ಆಟ ಬೇಡವೇ ಬೇಡ.

ಕಾಲು ನಿಂತೇ ಹೋಗುತ್ತದೆ ಅನ್ನಿಸಿದಾಗ ಇಳಿದುಬಿಡಿ. ‘ಟೂರ್ ದ ಫ್ರಾನ್ಸ್’ ರೇಸಿನ ಹೆಸರು ಕೇಳಿದ್ದೀರಿ. 1910ರಲ್ಲಿ ಮೊದಲ ಸಲ ಅದು 2115 ಮೀಟರ್ ಎತ್ತರದ ಟೂರ್ಮಲೆ ಕಣಿವೆಮಾರ್ಗ ಹತ್ತಿತು. ಓಡುತ್ತಲೇ ಗೇರು ಬದಲಿಸುವ ಡಿರೇಲರ್‌ಗೆ ಆ ರೇಸಿನಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಹಿಂದಿನ ಗಾಲಿಯ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಚಕ್ರ ಹಾಕಿಸಿಕೊಂಡು, ಏರು ಬಂದಾಗ ಇಳಿದು, ಗಾಲಿ ಬಿಚ್ಚಿ, ತಿರುಗಿಸಿ ಹಾಕಿ ಹತ್ತುತ್ತಿದ್ದರು. ಹತ್ತಲಾಗದಿದ್ದಾಗ ಜಗತ್ತಿನ ಗಟ್ಟಿ ಸವಾರರೇ ಸೈಕಲ್ ತಳ್ಳಿಕೊಂಡು ನಡೆದಿದ್ದಾರೆ. ಹಾಗಿರುವಾಗ ಕೆಲಸ ಮುಗಿಸಿ ದಣಿದು ಬರುವ ನಮಗೆ ಎಂಥ ನಾಚಿಕೆ?

ಫಿಕ್ಸಿ ಎಂಬ ಹೊಸ ಮೋಜು

ನಿಮ್ಮ ಮನೆಯ ಹುಡುಗರು ‘ಫಿಕ್ಸಿ’ ಬೇಕು ಎನ್ನಬಹುದು. ಅದೂ ಒಂದೇ ಗೇರಿನದೇ, ಆದರೆ ಅದರಲ್ಲಿ ಫ್ರೀವೀಲ್ ಇಲ್ಲ. ನಮ್ಮ ಸೈಕಲ್‌ನಲ್ಲಿ ತುಳಿಯುವುದು ನಿಲ್ಲಿಸಿದರೆ ಹಿಂದೆ ಕಿರ್‌ ಕಿರ್‌ ಸದ್ದಾಗುತ್ತ ಗಾಲಿ ತಾನೇ ಓಡುತ್ತದೆ. ಫಿಕ್ಸಿಯಲ್ಲಿ ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗಲೇಬೇಕು. ಇಳಿಜಾರಿನಲ್ಲಿ ಗಂಟೆಗೆ 40 ಕಿ.ಮೀ. ವೇಗ ಬಂದರೆ, 44ಕ್ಕೆ 22ರ ಲೆಕ್ಕದಲ್ಲಿ ಕಾಲು ನಿಮಿಷಕ್ಕೆ ಸುಮಾರು 150 ಸುತ್ತು ಹಾಕಬೇಕು. ಅಷ್ಟರಲ್ಲಿ ಪಾದ ಜಾರಿತೋ, ಪೆಡಲ್ ನಿಮಗಾಗಿ ಕಾಯುವುದಿಲ್ಲ. ಪ್ಯಾಂಟಿನ ಅಂಚು, ಬೂಟಿನ ಲೇಸು ಚೈನಿಗೆ ಸಿಕ್ಕರೂ ಅಷ್ಟೇ.

ಬ್ರೇಕ್ ಇಲ್ಲದ ಫಿಕ್ಸಿಯ ಜಾಗ ವೆಲೊಡ್ರೋಮ್. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದಲ್ಲಿ ಕಟ್ಟಿದರಲ್ಲ, ಅಂಥದ್ದು. ಸೈಕಲ್ ಪಟುಗಳ ತವರೆನಿಸಿದ ನಮ್ಮ ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ಟ್ರ್ಯಾಕಿನಲ್ಲಿ ಓಡಿಸುವುದೂ ಅಂಥ ಸೈಕಲ್‌ಗಳನ್ನೇ. ಅಲ್ಲಿ ಎದುರಿಗೆ ರಿಕ್ಷಾ ಬರುವುದಿಲ್ಲ. ಗುಡ್ಡದ ಊರಿನ ರಸ್ತೆಗೆ ಫಿಕ್ಸಿ ತಂದರೆ ಎರಡು ಬ್ರೇಕ್ ಇರಲೇಬೇಕು, ಅದರಲ್ಲೂ ಮುಂದಿನ ಬ್ರೇಕ್ ಗಟ್ಟಿಯಾಗಿರಲಿ.

ನಿಜವಾದ ಪರೀಕ್ಷೆ ಇಳಿಜಾರು

ಏರಿನಲ್ಲಿ ಸೋತರೆ ಬೆವರು, ಇಳಿಜಾರಿನಲ್ಲಿ ಸೋತರೆ ರಕ್ತ. ಇದು ನನ್ನ ಅನುಭವ. ಎರಡನೇ ವರ್ಷದ ಜುಲೈ, ಬೆಳಗಿನ ಐದು ಗಂಟೆ, ಜಿಟಿಜಿಟಿ ಮಳೆ. ತಡವಾಗಿದೆ ಎಂದು ಸೈಕಲ್ ಬಿಟ್ಟುಕೊಂಡು ಬರುತ್ತಿದ್ದೆ. ಮುಂದೆ ಒಂದು ಟೆಂಪೋ ನಿಂತಿತು. ಬ್ರೇಕ್ ಹಿಡಿದೆ, ಸೈಕಲ್ ನಿಲ್ಲಲಿಲ್ಲ! ಪಕ್ಕದ ಮರಳಿನ ರಾಶಿಗೆ ನುಗ್ಗಿಸಿದೆ. ಮೊಣಕೈ ಕಿತ್ತುಹೋಯಿತು, ತಲೆ ಉಳಿಯಿತು. ಅವತ್ತು ಬೆಳಗಿನ ವಂದನೆಯಲ್ಲಿ ನನ್ನ ದನಿ ನಡುಗಿದ್ದನ್ನು ಗುರುತಿಸಿ ಇಬ್ಬರು ಕೇಳುಗರು ವಿಚಾರಿಸಿದ್ದರು.

ಕಾರಣ ಬಹಳ ಸರಳ. ನಮ್ಮ ಸೈಕಲ್‌ನಲ್ಲಿ ಕಂಬಿಯ ಬ್ರೇಕ್, ಉಕ್ಕಿನ ರಿಮ್. ಉಕ್ಕಿನ ರಿಮ್ ನೆನೆದಾಗ ರಬ್ಬರ್ ಹಿಡಿಯುವುದಿಲ್ಲ, ಮೊದಲ ಕೆಲವು ಸುತ್ತು ನೀರು ಒರೆಸುವುದರಲ್ಲೇ ಕಳೆಯುತ್ತದೆ. ಆದ್ದರಿಂದ ಮಳೆಯಲ್ಲಿ ಇಳಿಜಾರು ಶುರುವಾಗುವ ಮುಂಚೆಯೇ ಬ್ರೇಕನ್ನು ಹಗುರಾಗಿ ಹಿಡಿದು ನೀರು ಒರೆಸಿಕೊಳ್ಳಿ. ನಡುನಡುವೆ ಮತ್ತೆ ಹಿಡಿಯಿರಿ. ವೇಗ ಬೆಳೆದ ಮೇಲೆ ಇಳಿಸುವುದಲ್ಲ, ಬೆಳೆಯಲು ಬಿಡಬಾರದು. ಎರಡೂ ಬ್ರೇಕ್ ಒಟ್ಟಿಗೆ ಹಿಡಿಯಿರಿ, ಮೈ ಸ್ವಲ್ಪ ಹಿಂದಕ್ಕೆ ಇರಲಿ. ಜೂನ್ ಬರುವ ಮುಂಚೆ ಸವೆದ ರಬ್ಬರ್ ಬದಲಿಸಿ. ಹೆಲ್ಮೆಟ್ ಹಾಕಿ, ಹಿಂದೆ ಕೆಂಪು ದೀಪ ಇರಲಿ.

ಕಲಬುರಗಿಯ ಅಣ್ಣಾವರೇ, ಈ ಪುಟ ನಿಮ್ಮ ಕೈಗೆ ಸಿಕ್ಕರೆ ನನ್ನ ಉತ್ತರ ಇದು. ಸೈಕಲ್ ಮಾರಬೇಡಿ. ಭಾನುವಾರ ಹಲ್ಲು ಎಣಿಸಿ, ಫ್ರೀವೀಲ್ ಬದಲಿಸಿ, ಸೀಟು ಏರಿಸಿ, ಬ್ರೇಕ್ ರಬ್ಬರ್ ಹಾಕಿಸಿ. ಒಂದು ತಿಂಗಳು ನೋಡಿ. ಆಮೇಲೆ ಮತ್ತೆ ಫೋನ್ ಮಾಡಿ, ಈ ಸಲ ಹಾಡೂ ಕೇಳಿ.

ಮತ್ತೆ ಏರಿನಲ್ಲಿ ಯಾರಾದರೂ ಹಳೇ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರೆ ಹಾರ್ನ್ ಹೊಡೆಯಬೇಡಿ. ನಾನೇ ಇರಬಹುದು!