ಶತ್ರುವಿನ ಕಥೆಯನ್ನೂ ಕೇಳಬೇಕೆ?

ಯುವ ಓದುಗರೇ, ನೀವು ಮೆಚ್ಚಿದ ನಾಯಕನನ್ನು ಕಥೆಗಾರ ನಿಮ್ಮ ಕಣ್ಣೆದುರೇ ಕೊಲ್ಲಿಸಿ, 'ಇನ್ನು ಮುಂದೆ ಆ ಕೊಲೆಗಾರ್ತಿಯ ಪಾತ್ರವನ್ನು ನೀವೇ ಆಡಿ' ಎಂದರೆ ಏನು ಮಾಡುತ್ತೀರಿ? 2020ರ ಜೂನ್ 19ರಂದು ಬಿಡುಗಡೆಯಾದ 'ದಿ ಲಾಸ್ಟ್ ಆಫ್ ಅಸ್ ಭಾಗ 2' ಎಂಬ ವಿಡಿಯೋ ಗೇಮ್ ಹೇಳಿದ್ದು ಇದನ್ನೇ. ನಿಮ್ಮಲ್ಲಿ ಕೆಲವರು ಅದನ್ನು ಆಡಿಯೇ ಇರುತ್ತೀರಿ. ಆಡದವರಿಗೆ ಒಂದು ಎಚ್ಚರಿಕೆ: ಇಲ್ಲಿ ಕಥೆಯ ಗುಟ್ಟು ರಟ್ಟಾಗಲಿದೆ!

2013ರ ಮೊದಲ ಭಾಗ ನೆನಪಿದೆಯಲ್ಲವೇ? ಸೋಂಕಿನಿಂದ ಹಾಳಾದ ಅಮೆರಿಕದಲ್ಲಿ ಎಲ್ಲೀ ಎಂಬ ಹುಡುಗಿಗೆ ಮಾತ್ರ ರೋಗ ತಟ್ಟುವುದಿಲ್ಲ. ಔಷಧಿ ತಯಾರಿಸಲು ಅವಳ ಮೆದುಳನ್ನೇ ತೆಗೆಯಬೇಕು. ಅವಳನ್ನು ಮಗಳಂತೆ ಕಂಡ ಜೋಯೆಲ್ ವೈದ್ಯನನ್ನು ಕೊಂದು, ಅವಳನ್ನು ಎತ್ತಿಕೊಂಡು ಹೊರಟುಬಿಡುತ್ತಾನೆ. ಕೊನೆಗೆ ಅವಳಿಗೇ ಸುಳ್ಳು ಹೇಳುತ್ತಾನೆ. ಎರಡನೆಯ ಭಾಗದಲ್ಲಿ ಆ ವೈದ್ಯನ ಮಗಳು ಆಬಿ, ಜೋಯೆಲ್‌ನನ್ನು ಗಾಲ್ಫ್ ಕೋಲಿನಿಂದ ಬಡಿದು ಕೊಲ್ಲುತ್ತಾಳೆ. ಸೇಡಿಗಾಗಿ ಎಲ್ಲೀ ಸಿಯಾಟಲ್‌ಗೆ ಹೋಗುತ್ತಾಳೆ. ಇಬ್ಬರೂ ಎದುರುಬದುರಾದ ಕ್ಷಣದಲ್ಲೇ ಕಥೆ ಮೂರು ದಿನ ಹಿಂದಕ್ಕೆ ಸರಿದು, ನಿಮ್ಮನ್ನು ಆಬಿಯನ್ನಾಗಿ ಮಾಡುತ್ತದೆ.

ಅಭಿಮಾನಿಗಳು ಎರಡು ಪಾಳೆಯವಾದರು. ಜಾಹೀರಾತಿನ ದೃಶ್ಯಗಳಲ್ಲಿ ಜೋಯೆಲ್‌ನನ್ನು ತೋರಿಸಿ ನಮ್ಮನ್ನು ಮೋಸಗೊಳಿಸಿದರು, ಉತ್ಕಂಠೆಯ ತುದಿಯಲ್ಲಿ ಕಥೆಯ ಓಟ ಮುರಿದರು ಎಂಬುದು ಒಂದು ಪಾಳೆಯದ ದೂರು. ಈ ದೂರಿನಲ್ಲಿ ಹುರುಳಿದೆ. ಸಿನಿಮಾದಲ್ಲಾದರೆ ನಾವು ಬರೀ ಪ್ರೇಕ್ಷಕರು. ಇಲ್ಲಿ ಗುಂಡಿ ಒತ್ತುವುದು ನಮ್ಮದೇ ಬೆರಳು. ಇಷ್ಟವಿಲ್ಲದ ಹಿಂಸೆಯನ್ನು ನಮ್ಮ ಕೈಯಿಂದಲೇ ಮಾಡಿಸಿದರೆ ಮನಸ್ಸು ಮುನಿಯದೇ ಇದ್ದೀತೆ?

ಆದರೆ ಇನ್ನೊಂದು ಪಾಳೆಯ ಹೇಳಿದ್ದೂ ಅದನ್ನೇ: ಆ ಮುನಿಸೇ ಕಥೆಯ ತಿರುಳು. ಆಬಿಯ ಕಣ್ಣಿನಲ್ಲಿ ಜೋಯೆಲ್ ತನ್ನ ತಂದೆಯ ಕೊಲೆಗಾರ. ಕೊನೆಯಲ್ಲಿ ಎಲ್ಲೀ ಶತ್ರುವನ್ನು ಬಿಟ್ಟುಬಿಡುತ್ತಾಳೆ. ಆದರೆ ಆ ಹೊತ್ತಿಗೆ ಎರಡು ಬೆರಳು ಕಳೆದುಕೊಂಡಿರುತ್ತಾಳೆ. ಜೋಯೆಲ್ ಕಲಿಸಿದ ಗಿಟಾರನ್ನು ಇನ್ನು ಮೊದಲಿನಂತೆ ನುಡಿಸಲಾರಳು. ಸೇಡಿನ ಬೆಲೆ ಹೇಳಲು ಇದಕ್ಕಿಂತ ಮಾತು ಬೇಕೆ? ವೈರಿಯ ದುಃಖ ಕೇಳುವುದು ನಮಗೂ ಹೊಸದಲ್ಲ. ಸಾವಿರ ವರ್ಷದ ಹಿಂದೆಯೇ ರನ್ನ ತನ್ನ 'ಗದಾಯುದ್ಧ'ದಲ್ಲಿ ರಣರಂಗದ ಹೆಣಗಳ ನಡುವೆ ಅಳುವ ದುರ್ಯೋಧನನನ್ನು ತೋರಿಸಿದ್ದಾನೆ.

ಜಗಳ ಹಾದಿ ತಪ್ಪಿದ್ದು ಬೇರೆ ಕಡೆ. ಇಪ್ಪತ್ತು ಗಂಟೆಗೂ ಮೀರಿದ ಆಟಕ್ಕೆ ಬಿಡುಗಡೆಯ ದಿನವೇ ಸಾವಿರಾರು ಸೊನ್ನೆಗಳು ಬಿದ್ದವು. ಆಬಿಗೆ ದನಿ ನೀಡಿದ ಲಾರಾ ಬೇಲಿ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಸೇಡು ಬೇಡ ಎಂದ ಕಥೆಯ ಮೇಲೆಯೇ ಸೇಡು! ಖಳನ ಪಾತ್ರ ಮಾಡಿದವನಿಗೆ ರಂಗದ ಹೊರಗೆ ಕಲ್ಲು ಹೊಡೆಯುವುದು ರಸಿಕತೆಯೇ?

ಕಥೆ ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು ಧೈರ್ಯವಾಗಿ ಹೇಳಿ, ಏಕೆಂದು ವಾದಿಸಿ. ಆದರೆ ಪೂರ್ತಿ ಕೇಳಿದ ಮೇಲೆ ಹೇಳಿ. ಎಲ್ಲೀಗೂ ಆಬಿಗೂ ಆಗದೆ ಹೋದದ್ದು ಅಷ್ಟೇ ತಾನೇ?